ಏಳನೇ ಭಾಗಕ್ಕೆ ಕೈ ತೊಳೆಯತಕ್ಕದ್ದು

ಜಯನಗರದಿಂದ ಸಾರಕ್ಕಿಯವರೆಗಿನ ಕಲ್ಯಾಣ ಮಂಟಪಗಳಲ್ಲಿ ಒಂದು ಪಂಕ್ತಿಯ ಊಟಕ್ಕೆ ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ ಎಂಬುದು ಈಗ ನಿಯಮ. ಇದನ್ನು ಗೊತ್ತುಮಾಡಿದ್ದು ಒಂದು ಪ್ರೋಗ್ರೆಸಿವ್ ರಾಕ್ ತಂಡ. ಮೊದಲು ಹೀಗಿರಲಿಲ್ಲ. ಉಂಡವರು ಮಜ್ಜಿಗೆ ಮುಗಿದ ಮೇಲೂ ಎಲೆಯ ಮುಂದೆ ಕೂತು ಸೈಟಿನ ರೇಟು, ಸೊಸೆಯ ಸ್ವಭಾವ ಎಲ್ಲವನ್ನೂ ಚರ್ಚಿಸುತ್ತಿದ್ದರು. ಹಸಿದವರು ಅವರ ಕುರ್ಚಿಯ ಬೆನ್ನು ಹಿಡಿದುಕೊಂಡು, ಇವರು ಹಾಕಿಸಿಕೊಳ್ಳುವ ಒಂದೊಂದು ಜಾಮೂನನ್ನೂ ಶಪಿಸುತ್ತ ನಿಂತಿರುತ್ತಿದ್ದರು. ಈ ಪದ್ಧತಿಯಲ್ಲಿ ಎರಡೂ ಕಡೆಯವರ ಮರ್ಯಾದೆ ಹೋಗುತ್ತಿತ್ತಾದರೂ ಯಾರೂ ಮದುವೆಗೆ ಹೋಗುವುದನ್ನು ಬಿಟ್ಟಿರಲಿಲ್ಲ.

ತಂಡದ ಹೆಸರು ಖಗ್ರಾಸ. ಗಿಟಾರ್ ಮತ್ತು ಸಂಯೋಜನೆ ಜೆ.ಪಿ. ನಗರದ ವಿಶ್ರುತ್, ಡ್ರಮ್ಸ್ ಅವನ ಗೆಳತಿ ಇಂಚರ. ಪುಟ್ಟೇನಹಳ್ಳಿ ಕೆರೆ ಏರಿಯ ಬೆಂಚಿನ ಮೇಲೆ ಕೂತು ಕೂತು ವಿಶ್ರುತ್ ಒಂದೇ ಒಂದು ಹಾಡು ಕಟ್ಟಿದ್ದ. ‘ಕೆರೆಯ ಏಳು ನಿದ್ದೆ’ ಅಂತ ಹೆಸರು. ಏಳು ಭಾಗ, ಇಪ್ಪತ್ತೆರಡು ನಿಮಿಷ. ಮೊದಲ ಆರು ಭಾಗ ಅಬ್ಬರ. ಏಳನೆಯದಕ್ಕೆ ಡ್ರಮ್ ಇಲ್ಲ, ಮಾತಿಲ್ಲ, ಬರೀ ಒಂದು ಗಿಟಾರ್. ಅವನ ಜೀವವೆಲ್ಲ ಇದ್ದದ್ದು ಆ ಏಳನೇ ಭಾಗದಲ್ಲಿ. ಒಬ್ಬರಾದರೂ ಅದನ್ನು ಕೂತು ಪೂರ್ತಿ ಕೇಳಬೇಕು ಎನ್ನುವುದು ಬಿಟ್ಟರೆ ಆ ಹುಡುಗನಿಗೆ ಬೇರೆ ಆಸೆಯಿರಲಿಲ್ಲ. ಹಾಡು ಕೊಳ್ಳಲು ಬಂದ ಕಂಪನಿಗಳೆಲ್ಲ ಮೂರು ನಿಮಿಷಕ್ಕೆ ಇಳಿಸು ಅಂದವು. “ಕಲೆಯಲ್ಲಿ ರಾಜಿ ಇಲ್ಲ” ಎಂದು ಎಲ್ಲರನ್ನೂ ವಾಪಸು ಕಳಿಸಿ, ಅಮ್ಮ ಸೀತಾಲಕ್ಷ್ಮಮ್ಮನ ಪಿಂಚಣಿಯಲ್ಲಿ ಗಿಟಾರಿನ ತಂತಿ ಕೊಂಡುಕೊಂಡ.

ಹೀಗಿರುವಾಗ ಬನಶಂಕರಿಯಲ್ಲಿ ಇಂಚರಳ ದೊಡ್ಡಮ್ಮನ ಮಗಳ ಆರತಕ್ಷತೆ ಬಂತು. ಮೇಲಿನ ವೇದಿಕೆ ಫೋಟೋದವರಿಗೆ ಬೇಕಾದ್ದರಿಂದ ತಂಡವನ್ನು ಕೆಳಗೆ, ಊಟದ ಹಾಲಿಗೆ ಇಳಿಸಲಾಯಿತು. ಲೈಟಾಗಿ ಏನಾದರೂ ಬಾರಿಸಿ ಎಂದರು. ವಿಶ್ರುತ್ ರಾಜಿ ಮಾಡಿಕೊಳ್ಳದೆ ‘ಕೆರೆಯ ಏಳು ನಿದ್ದೆ’ಯನ್ನೇ ಬಾರಿಸಿದ. ಪಂಕ್ತಿಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಉಂಡರು, ಆರನೇ ಭಾಗ ಮುಗಿಯುತ್ತಲೇ ಒಟ್ಟಿಗೆ ಎಲೆ ಮಡಿಸಿದರು, ಏಳನೇ ಭಾಗದ ಮೊದಲ ಸ್ವರಕ್ಕೆ ಒಟ್ಟಿಗೆ ಎದ್ದು ಹೋದರು.

ಅಡುಗೆ ಕಂಟ್ರಾಕ್ಟರ್ ನೀಲಕಂಠಪ್ಪನವರು ಸಾರಿನ ಸೌಟು ಹಿಡಿದುಕೊಂಡೇ ಓಡಿಬಂದರು.

“ಏನ್ ಸಾರ್ ಇದು? ಯಾವ ಥರದ ಸಂಗೀತ?”

“ಪ್ರೋಗ್ರೆಸಿವ್ ರಾಕ್ ಅಂಕಲ್. ಏಳರ ತಾಳ, ನಡುನಡುವೆ ಹನ್ನೊಂದಕ್ಕೆ ಹೋಗುತ್ತೆ.”

“ಅದಕ್ಕೇ ಮತ್ತೆ! ಎಲ್ಲಿ ಬಾಯಿ ಹಾಕಿ ಮಾತಾಡ್ಬೇಕು ಅಂತ ಒಬ್ರಿಗೂ ಗೊತ್ತಾಗ್ಲಿಲ್ಲ. ಮೂವತ್ತು ವರ್ಷದಿಂದ ಬಡಿಸ್ತಿದೀನಿ ಸಾರ್, ಜನ ಅವರಾಗೇ ಎದ್ದು ಹೋಗಿದ್ದು ಇವತ್ತೇ ನೋಡಿದ್ದು.” ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ವರ್ಷ ಪೂರ್ತಿ ಮುಹೂರ್ತ ಕೊಡ್ತೀನಿ. ನಿಮ್ ಕಂಡೀಷನ್ ಹೇಳಿ.”

“ಹಾಡಲ್ಲಿ ಒಂದು ಸ್ವರಾನೂ ಕಟ್ ಮಾಡಕ್ಕೆ ಒಪ್ಪಲ್ಲ.”

“ಕಟ್ ಮಾಡೋದಾ?” ನೀಲಕಂಠಪ್ಪನವರಿಗೆ ಗಾಬರಿಯಾಯಿತು. “ಒಂದು ಸ್ವರ ಕಮ್ಮಿಯಾದ್ರೂ ನಾನು ಸುಮ್ನಿರಲ್ಲ! ಆಮೇಲೆ ಪಾಯಸಕ್ಕೆ ಟೈಮ್ ಎಲ್ಲಿಂದ ತರ್ಲಿ?”

ತನ್ನ ಹಾಡು ಪೂರ್ತಿಯಾಗಿ ಬೇಕೆಂದ ಮೊದಲ ಮನುಷ್ಯನನ್ನು ಕಂಡು ವಿಶ್ರುತ್ ಅವರ ಸೌಟು ಹಿಡಿದ ಕೈಯನ್ನೇ ಕುಲುಕಿದ. ತಕರಾರು ಬಂದದ್ದು ತಂಡದ ಹೆಸರಿಗೆ ಮಾತ್ರ. ಗ್ರಹಣದ ಹೊತ್ತಿನಲ್ಲಿ ಒಲೆ ಹಚ್ಚುವಂತಿಲ್ಲ. ಖಗ್ರಾಸ ಎಂದು ಬೋರ್ಡು ಹಾಕಿ ಅನ್ನ ಬಡಿಸುವುದು ಹೇಗೆ? ಹೆಸರಿನಲ್ಲೂ ರಾಜಿ ಇಲ್ಲ ಎಂದು ವಿಶ್ರುತ್ ಕೂತುಬಿಟ್ಟ. ನೀಲಕಂಠಪ್ಪನವರು ಹೆಸರನ್ನು ಮುಟ್ಟದೆ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಗ್ರಹಣ ಬಿಟ್ಟಿದೆ’ ಎಂದು ಬರೆಸಿದರು.

ಆ ಹಂಗಾಮು ಮುಗಿಯುವುದರೊಳಗೆ ಖಗ್ರಾಸವಿಲ್ಲದ ಮದುವೆಗೆ ಜನ ಊಟಕ್ಕೆ ನಿಲ್ಲದಂತಾದರು. ನೀಲಕಂಠಪ್ಪನವರೇ ಅಧ್ಯಕ್ಷರಾಗಿದ್ದ ಮಂಟಪ ಹಾಗೂ ಪಾಕಶಾಲಾ ಒಕ್ಕೂಟವು ಈ ಕೆಳಗಿನ ಸುತ್ತೋಲೆಯನ್ನು ಹೊರಡಿಸಿತು:

“ಸಮಸ್ತ ಸದಸ್ಯರ ಗಮನಕ್ಕೆ. ಸದರಿ ಹಾಡಿನ ಮೊದಲನೇ ಭಾಗದಲ್ಲಿ ಉಪ್ಪು, ಕೋಸಂಬರಿ, ಪಲ್ಯಗಳನ್ನು ಬಡಿಸತಕ್ಕದ್ದು. ಗಿಟಾರ್ ಏರಿದೊಡನೆ ಅನ್ನ ಮತ್ತು ತೊವ್ವೆ. ಡ್ರಮ್ ಒಂಟಿಯಾಗಿ ನುಡಿಯುವಾಗ ಬಿಸಿ ಸಾರನ್ನು ಯಾವುದೇ ಕಾರಣಕ್ಕೂ ಬಡಿಸಕೂಡದು. ಈ ಬಗ್ಗೆ ಗಂಡಿನ ಮಾವನವರ ಪಂಚೆಗೆ ಸಂಬಂಧಿಸಿದ ದೂರು ಈಗಾಗಲೇ ಪರಿಶೀಲನೆಯಲ್ಲಿದೆ. ಆರನೇ ಭಾಗಕ್ಕೆ ಮುಂಚಿತವಾಗಿ ಕುರ್ಚಿಯ ಹಿಂದೆ ನಿಲ್ಲುವುದನ್ನು ನಿಷೇಧಿಸಲಾಗಿದೆ. ಏಳನೇ ಭಾಗಕ್ಕೆ ಕೈ ತೊಳೆಯತಕ್ಕದ್ದು.”

ಕೊನೆಯ ವಾಕ್ಯ ಓದಿ ವಿಶ್ರುತ್ ಸುತ್ತೋಲೆಯನ್ನು ಮುದುಡಿ ಎಸೆದ. ಇಂಚರ ಸಮಾಧಾನಕ್ಕೆ ಬಂದಳು.

“ಮಗಾ, ಮೂರು ನಿಮಿಷಕ್ಕೆ ಇಳ್ಸು ಅಂದೋರ ಮುಂದೆ ಇವರು ದೇವರು. ಒಂದು ಸ್ವರ ಮುಟ್ಟಿದ್ರಾ ಹೇಳು?”

“ಮುಟ್ಟಿಲ್ಲ. ಕೇಳ್ಲೂ ಇಲ್ಲ.”

ಏಳನೇ ಭಾಗವೂ ಜನರ ಕಿವಿಗೆ ಬೀಳಬೇಕೆಂದು ಅವನು ಒಕ್ಕೂಟಕ್ಕೆ ಲಿಖಿತ ಮನವಿ ಕೊಟ್ಟ. ಒಕ್ಕೂಟ ಮನವಿಯನ್ನು ಸಹಾನುಭೂತಿಯಿಂದ ಪರಿಗಣಿಸಿ, ಎಲ್ಲ ಮಂಟಪಗಳ ವಾಷ್ ಬೇಸಿನ್ ಮೇಲೂ ಸ್ಪೀಕರ್ ಹಾಕಿಸಿತು. ನಲ್ಲಿಗಳ ಸದ್ದಿನಲ್ಲಿ ಗಿಟಾರು ಕೇಳಿಸದಿದ್ದದ್ದು ತಾಂತ್ರಿಕ ವಿಷಯವಾದ್ದರಿಂದ ಅದು ಒಕ್ಕೂಟದ ವ್ಯಾಪ್ತಿಗೆ ಬರಲಿಲ್ಲ.

ಕೊನೆಗೆ ವಿಶ್ರುತ್ ಗಳಿಸಿದ್ದನ್ನೆಲ್ಲ ಸುರಿದು ಜಯನಗರದಲ್ಲಿ ಒಂದು ಸಭಾಂಗಣ ಹಿಡಿದ. ಮದುವೆಯಿಲ್ಲ, ಮುಂಜಿಯಿಲ್ಲ, ಶುದ್ಧ ಕಚೇರಿ. ಟಿಕೆಟ್ಟಿನ ಮೇಲೆ ‘ಊಟದ ವ್ಯವಸ್ಥೆ ಇರುವುದಿಲ್ಲ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ. ಆದರೂ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಅಮ್ಮ, ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಇವತ್ತೂ ಯಾರೂ ಏಳನೇ ಭಾಗ ಕೇಳದಿದ್ದರೆ ಇನ್ನು ಗಿಟಾರ್ ಮುಟ್ಟುವುದಿಲ್ಲ ಎಂದು ಅವನು ಇಂಚರಳಿಗೆ ಹೇಳಿಯೇ ವೇದಿಕೆ ಹತ್ತಿದ್ದ.

ಆರು ಭಾಗ ಸುಸೂತ್ರವಾಗಿ ನಡೆಯಿತು. ಆರನೆಯದರ ಕೊನೆಗೆ ಕಾರ್ಯಕ್ರಮದ ಹಾಳೆಗಳು ಸರಬರ ಸದ್ದು ಮಾಡಿದವು. ಎಲ್ಲರೂ ತೊಡೆಯ ಮೇಲಿನ ಹಾಳೆಯನ್ನು ತಮ್ಮ ಕಡೆಗೆ ಮಡಿಸುತ್ತಿದ್ದರು. ಏಳನೇ ಭಾಗದ ಮೊದಲ ಸ್ವರಕ್ಕೆ ಇಡೀ ಸಭಾಂಗಣ ಎದ್ದು ನಿಂತು ಶಿಸ್ತಾಗಿ ಬಾತ್‌ರೂಮಿನ ಕಡೆ ನಡೆಯಿತು. ಸೀತಾಲಕ್ಷ್ಮಮ್ಮ ಎದ್ದರು, ಮಗನ ಮುಖ ನೋಡಿ ಕೂತರು, ತಡೆಯಲಾರದೆ ಮತ್ತೆ ಎದ್ದು, ‘ಬಂದೆ’ ಎಂದು ಕೈಸನ್ನೆ ಮಾಡಿ ಹೋದರು.

ವಿಶ್ರುತ್ ಕಣ್ಣು ಮುಚ್ಚಿಕೊಂಡು ಬಾರಿಸಿದ. ದುಃಖಕ್ಕೋ ಸಿಟ್ಟಿಗೋ ಅಷ್ಟು ಚೆನ್ನಾಗಿ ಅವನು ಎಂದೂ ಬಾರಿಸಿರಲಿಲ್ಲ. ಕಣ್ಣು ಬಿಟ್ಟಾಗ ಖಾಲಿ ಕುರ್ಚಿಗಳ ನಡುವೆ ಒಬ್ಬರು ಉಳಿದಿದ್ದರು. ನೀಲಕಂಠಪ್ಪನವರು. ಎಲ್ಲರೂ ಎದ್ದ ಮೇಲೆ ಕೂರುವುದು ಮೂವತ್ತು ವರ್ಷದ ಅಭ್ಯಾಸ. ಜನ ಎದ್ದ ಮೊದಲ ಸ್ವರಕ್ಕೇ ಅವರು ಕೂತಿದ್ದರು. ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತ ವೇದಿಕೆಯ ಹತ್ತಿರ ಬಂದರು.

“ಪೂರ್ತಿ ಕೇಳಿದ್ರಾ ಅಂಕಲ್?” ವಿಶ್ರುತ್ ವೇದಿಕೆಯ ಅಂಚಿಗೆ ಬಂದು ಕೇಳಿದ.

“ಪೂರ್ತಿ ಕೇಳ್ದೆ. ಎಂಥಾದ್ದು ಮಾಡಿದೀರಿ ಸಾರ್! ಎದೆ ಹಿಂಡಿದಂಗಾಯ್ತು. ನಮ್ಮಿಂದ ದೊಡ್ಡ ತಪ್ಪಾಗಿದೆ. ಇಷ್ಟು ಚೆನ್ನಾಗಿರೋದನ್ನ ಕೈ ತೊಳೆಯೋಕೆ ಹಾಕಿದ್ವಲ್ಲ.” ಅವರು ಮೂಗು ಸೀಟಿಕೊಂಡರು. “ನಾಳೆಯಿಂದ ಇದು ತಾಂಬೂಲಕ್ಕೆ.”

ವಿಶ್ರುತ್ ಸಂತೋಷದಿಂದ ಅತ್ತುಬಿಟ್ಟ. ಅಷ್ಟರಲ್ಲಿ ಪ್ರೇಕ್ಷಕರು ಮರಳಿ ಬಂದು ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದರು.

ತಿದ್ದುಪಡಿ ಸುತ್ತೋಲೆ ಆ ವಾರವೇ ಹೊರಟಿತು. ಅದರಿಂದ ಕೈ ತೊಳೆಯುವ ಸಮಯ ಖಾಲಿ ಬಿದ್ದಿತು. ಒಂದು ಸಣ್ಣ ಭಾಗ ಹೊಸದಾಗಿ ಕಟ್ಟಿಕೊಡಬೇಕೆಂದು, ಸಂಯೋಜಕರ ಸ್ವಾತಂತ್ರ್ಯಕ್ಕೆ ಯಾವುದೇ ಧಕ್ಕೆ ಬಾರದಂತೆ, ಒಕ್ಕೂಟ ವಿನಂತಿಸಿತು. ವಿಶ್ರುತ್ ಯಾರ ಒತ್ತಡಕ್ಕೂ ಮಣಿಯದೆ ಒಪ್ಪಿಕೊಂಡ.

ಈಗ ಅವನು ಬೆಳಿಗ್ಗೆಯಿಂದ ಬಚ್ಚಲುಮನೆಯಲ್ಲಿದ್ದಾನೆ. ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಶ್ರುತಿಗೆ ಗಿಟಾರ್ ಕೂಡಿಸುತ್ತಿದ್ದಾನೆ.

“ಟ್ಯಾಂಕ್ ಖಾಲಿಯಾಗುತ್ತೆ ಕಣೋ, ನಲ್ಲಿ ಸಣ್ಣ ಮಾಡ್ಕೋ,” ಎಂದು ಸೀತಾಲಕ್ಷ್ಮಮ್ಮ ಬಾಗಿಲು ಬಡಿದರು.

“ಆಗಲ್ಲ ಅಮ್ಮ. ಕಲೆಯಲ್ಲಿ ರಾಜಿ ಇಲ್ಲ.”

ಅವರು ಹೋಗಿ ಮೋಟರ್ ಹಾಕಿದರು.