ವೇಗದ ಬೌಲರ್‌ನ ಹಾಜರಾತಿ

ನನಗೆ ಹಾವಿನ ಭಯವಿಲ್ಲ, ಪ್ರಿನ್ಸಿಪಾಲರ ಭಯವೂ ಅಷ್ಟಕ್ಕಷ್ಟೇ. ಆದರೆ ನನ್ನತ್ತ ಬರುವ ಚೆಂಡನ್ನು ಕಂಡರೆ ಮಾತ್ರ ಕಣ್ಣು ಮುಚ್ಚಿ ಕೂತುಬಿಡುತ್ತೇನೆ. ದೆಹಲಿಯಲ್ಲಿ ಮೆಟ್ರೋ ಇನ್ನೂ ಹೊಸತಾಗಿದ್ದ ಆ ದಿನಗಳಲ್ಲಿ, ಇಂಥ ನನ್ನನ್ನು ನಮ್ಮ ಕಾಲೇಜಿನವರು ಕ್ರೀಡಾ ಸಮಿತಿಯ ಸಂಚಾಲಕನನ್ನಾಗಿ ಮಾಡಿದರು. ಸಭೆಗೆ ಬಾರದವರ ತಲೆಗೆ ಕೆಲಸ ಕಟ್ಟುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವತ್ತು ನಾನು ಹಲ್ಲುನೋವೆಂದು ಮನೆಯಲ್ಲಿ ಮಲಗಿದ್ದೆ. ಅರ್ಥಶಾಸ್ತ್ರದ ಮೇಷ್ಟ್ರು ನಾನು, ನೆಟ್ಟು, ಸುಣ್ಣ, ಶಟಲ್ ಕಾಕ್ ಎಂದು ಬಿಲ್ಲುಗಳಿಗೆ ಸಹಿ ಹಾಕುತ್ತ ಹೇಗೋ ಕಾಲ ತಳ್ಳುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರುಗಳಿಗೂ ಹುಡುಗರಿಗೂ ವರ್ಷಕ್ಕೊಮ್ಮೆ ನಡೆಯುವ ಕ್ರಿಕೆಟ್ ಪಂದ್ಯ ಬಂತು. ಸಂಚಾಲಕನೇ ಮೊದಲು ಬ್ಯಾಟ್ ಹಿಡಿಯಬೇಕಂತೆ! “ಚೆಂಡು ಬಂದರೆ ಪಕ್ಕಕ್ಕೆ ಸರೀರಿ. ಆ ಯಮನಂಥ ಬ್ಲೂಲೈನ್ ಬಸ್ ಬಂದರೆ ಸರಿಯೋಲ್ವೇ?” ಎಂದಳು ಹೆಂಡತಿ.

ಹುಡುಗರ ಕಡೆಯ ವೇಗದ ಬೌಲರ್ ನಯೀಮ್. ಗುಲ್ಬರ್ಗದವರ ಮಗ, ಹುಟ್ಟಿ ಬೆಳೆದದ್ದೆಲ್ಲ ದೆಹಲಿಯ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಹುಡುಗನೇನೋ ಸಾಧು, ಚೆಂಡು ಮಾತ್ರ ಅಲ್ಲ. ಹಿಂದಿನ ವಾರವಷ್ಟೇ ಅದು ಅಭ್ಯಾಸದಲ್ಲಿ ಒಬ್ಬನ ಪಕ್ಕೆಲುಬು ಮುರಿದಿತ್ತು. ನನಗೆ ಊಟ ಸೇರದಾಯಿತು. ಆಗ ಹೊಳೆಯಿತು: ಅಭ್ಯಾಸಕ್ಕಾಗಿ ತರಗತಿ ತಪ್ಪಿಸಿಕೊಂಡ ಆಟಗಾರರಿಗೆ ಹಾಜರಾತಿ ಕೊಡಿಸುವ ಫಾರಂ ಒಂದಿದೆ, ಅದಕ್ಕೆ ಸಂಚಾಲಕನ ಸಹಿ ಬೇಕು. ಸಹಿಯಿಲ್ಲದಿದ್ದರೆ ಹಾಜರಾತಿ ಕಮ್ಮಿ. ಹಾಜರಾತಿ ಕಮ್ಮಿಯಾದವನು ಯಾವ ಪಂದ್ಯಕ್ಕೂ ಇಳಿಯುವಂತಿಲ್ಲ. ನಯೀಮನ ಫಾರಂ ನನ್ನ ಡ್ರಾಯರಿನಲ್ಲೇ ಇತ್ತು. ನಾನು ಮುಟ್ಟಲಿಲ್ಲ.

ಪಂದ್ಯದ ಹಿಂದಿನ ದಿನ ಅವನೇ ಸ್ಟಾಫ್ ರೂಮಿಗೆ ಬಂದ. “ಸರ್, ನನ್ನ ಫಾರಂ ಸೈನ್ ಆಯ್ತಾ?”

“ನೋಡೋಣಪ್ಪ, ತುಂಬಾ ಕೆಲಸ.”

“ನಾಳೆ ಮ್ಯಾಚ್ ಬಿಡಿ ಸರ್, ಕೋಯಿ ಬಾತ್ ನಹೀ. ಸೋಮವಾರ ಯೂನಿವರ್ಸಿಟಿ ಟೀಮಿಂದು ಟ್ರಯಲ್ ಇದೆ ನಾ. ಫಾರಂ ಇವತ್ತೇ ಕೊಡಬೇಕು. ನಂದು ಲಾಸ್ಟ್ ಇಯರ್ ಸರ್. ನಮ್ಮ ಅಬ್ಬಾ ನೋಡೋಕೆ ಅಂತ ಆಫೀಸಿಗೆ ರಜಾ ಹಾಕಿದಾರೆ.”

ಥೂ, ನನ್ನ ನಾಲ್ಕು ಹಲ್ಲಿಗಾಗಿ ಈ ಹುಡುಗನ ಮೂರು ವರ್ಷದ ಬೆವರನ್ನು ಡ್ರಾಯರಿಗೆ ಹಾಕಿ ಕೂತಿದ್ದೆನಲ್ಲ! ನಾಚಿಕೆಯಾಯಿತು, ಭಯವೇನೂ ಕಮ್ಮಿಯಾಗಲಿಲ್ಲ. ಎರಡೂ ಸೇರಿ ಹಾಕಿದ ಸಹಿ ನನ್ನದೇ ಎಂದು ಗುಮಾಸ್ತರು ನಂಬಲಿಲ್ಲ, ಮತ್ತೊಮ್ಮೆ ಹಾಕಿಸಿಕೊಂಡರು. “ಥ್ಯಾಂಕ್ಯೂ ಸರ್! ಹಾಗಾದ್ರೆ ನಾಳೆನೂ ಆಡ್ತೀನಿ” ಎಂದು ಅವನು ಖುಷಿಯಿಂದ ಓಡಿದ. ನಾನು ಮನೆಗೆ ಹೋಗಿ ದಪ್ಪ ಟವೆಲ್ಲು ಹುಡುಕತೊಡಗಿದೆ.

ಮರುದಿನ ಹೆಲ್ಮೆಟ್ಟು, ಪ್ಯಾಡು, ಸ್ವೆಟರಿನೊಳಗೆ ಎರಡು ಟವೆಲ್ಲು ಕಟ್ಟಿಕೊಂಡು ನಿಂತೆ. ನಯೀಮ್ ಎಲ್ಲೋ ದೂರದಿಂದ ಓಡಿ ಬರತೊಡಗಿದ. ಕುಲದೇವರ ಹೆಸರೂ ನೆನಪಾಗಲಿಲ್ಲ. ಹತ್ತಿರ ಬಂದವನು ಇದ್ದಕ್ಕಿದ್ದಂತೆ ನಡಿಗೆಗಿಳಿದು, ಮಗುವಿಗೆ ಎಸೆಯುವ ಹಾಗೆ ಮೆಲ್ಲಗೆ ಚೆಂಡು ಹಾಕಿದ. ಅದು ಎರಡು ಸಲ ಪುಟಿದು, ನಾನು ಬೀಸಿದ ಬ್ಯಾಟಿನ ಕೆಳಗೆ ನುಸುಳಿ, ಸ್ಟಂಪಿಗೆ ಹೋಗಿ ಒರಗಿತು. ಅದರ ಮೇಲಿನ ಬೇಲ್ ಒಂದು ಕ್ಷಣ ಯೋಚಿಸಿ ಬಿತ್ತು. “ಸಾರಿ ಸರ್” ಎಂದ, ನಿಜವಾಗಿಯೂ ನೊಂದುಕೊಂಡು.

ಸೋಮವಾರ ಅವನು ಆಯ್ಕೆಯಾದ. ಕಷ್ಟಕ್ಕೆ ಬಿದ್ದವನು ನಾನು. ಇಷ್ಟು ವರ್ಷ ಯಾರಾದರೂ ಕೇಳಿದರೆ, “ಆಡೋಕೇನೋ ಚೆನ್ನಾಗೇ ಬರುತ್ತೆ, ಸ್ವಲ್ಪ ಭಯ ಅಷ್ಟೆ” ಎನ್ನುತ್ತಿದ್ದೆ. ಮಗುವಿಗೆ ಹಾಕುವಂಥ ಚೆಂಡಿಗೂ ಔಟಾದ ಮೇಲೆ ಇನ್ನು ಏನು ಹೇಳಲಿ?