ಗಾಳಿದೋಣಿಯಲ್ಲಿ ರೂಪ್‌ಚಂದ್

ಚನ್ನಗಿರಿಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಟ್ಯೂಬುಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಅದ್ದಿ ನನ್ನ ಬೆರಳ ತುದಿಗಳು ಕಾಯಂ ಸುಕ್ಕುಗಟ್ಟಿವೆ. ಹಾಗಂತ ನೀರಿನ ಜೊತೆ ನನಗೆ ಸಲುಗೆ ಇದೆ ಅಂದುಕೊಳ್ಳಬೇಡಿ. ನನ್ನ ತೊಟ್ಟಿಯಲ್ಲಿ ಮೊಳಕೈ ಮುಳುಗುವಷ್ಟು ನೀರಿರುತ್ತದೆ. ಅದಕ್ಕಿಂತ ಆಳದ ನೀರು ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತೇನೆ. ಈಜು ಬರುವುದಿಲ್ಲ, ಕಲಿಯುವ ಧೈರ್ಯವೂ ಇಲ್ಲ. ಇಂಥವನನ್ನೇ ಹುಡುಕಿ ದೋಣಿ ಹತ್ತಿಸಿ, ಮಡಿಲಿಗೆ ಜೀವಂತ ಮೀನು ಹಾಕುವ ಜನ ಮಾತ್ರ ನನಗೆ ಸಿಗುತ್ತಲೇ ಇರುತ್ತಾರೆ. ಬೇಡ ಅಂದಷ್ಟೂ ಸಿಗುತ್ತಾರೆ.

೧. ಗ್ಯಾರಂಟಿ

ಎಲ್ಲಕ್ಕೂ ಮೂಲ ಹೊನ್ನಾಳಿ ಕಡೆಯ ಒಬ್ಬ ಕನ್ನಡ ಮೇಷ್ಟ್ರು. ಒಂದು ಬೆಳಿಗ್ಗೆ ಸ್ಕೂಟರಿನ ಹಿಂದೆ ದೊಡ್ಡ ಗಂಟು ಕಟ್ಟಿಕೊಂಡು ಬಂದು ಅಂಗಡಿ ಮುಂದೆ ಇಳಿಸಿದರು. ಬಿಚ್ಚಿದರೆ ಕಿತ್ತಳೆ ಬಣ್ಣದ ರಬ್ಬರು, ಬಿಚ್ಚಿದಷ್ಟೂ ಮುಗಿಯದು.

"ಕಯಾಕ್ ಅಂತಾರ್ರೀ ಇದಕ್ಕೆ. ಗಾಳಿ ತುಂಬಿದ್ರೆ ದೋಣಿ ಆಗ್ತೈತೆ. ಇಬ್ರು ಕುಂತು ಮೀನು ಹಿಡಿಯಾಕೆ ಅಂತ ಮೊಬೈಲಾಗೆ ತರ್ಸಿದ್ದು. ಮೊದಲ್ನೇ ದಿನಾನೇ ಜಾಲಿಮುಳ್ಳು ಚುಚ್ಚೈತೆ," ಅಂದರು.

ತೂತು ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಹಾಕಿದೆ. ಎಲ್ಲರೂ ಕೇಳುವಂತೆ ಅವರೂ ಕೇಳಿದರು, "ಗ್ಯಾರಂಟಿನಾ?" ನಾನೂ ಎಲ್ಲರಿಗೂ ಹೇಳುವಂತೆಯೇ ಹೇಳಿದೆ, "ಮೇಷ್ಟ್ರೇ, ದೋಣಿ ಹರಿದು ಹೋಗಬೌದು, ನನ್ನ ಪ್ಯಾಚ್ ಹೋಗಂಗಿಲ್ಲ."

"ಹಂಗಾದ್ರೆ ಭಾನುವಾರ ಸೂಳೆಕೆರೆಗೆ ಬರ್ರಿ. ಪ್ಯಾಚ್ ಹಾಕಿದ ಕಡೆ ನೀವೇ ಕುಂತ್ಕಳ್ರಿ."

ಲಾರಿಗೆ, ಟ್ರ್ಯಾಕ್ಟರಿಗೆ, ಮದುವೆ ದಿಬ್ಬಣದ ಟೆಂಪೋಗೆ ಕೂಡ ಎಗ್ಗಿಲ್ಲದೆ ಗ್ಯಾರಂಟಿ ಕೊಟ್ಟವನು ನಾನು. ನೀನೇ ಕೂತು ತೋರಿಸು ಅಂತ ಯಾರೂ ಅಂದಿರಲಿಲ್ಲ. ಮೇಷ್ಟ್ರು ದೋಣಿಯನ್ನು ಅಂಗಡಿಯಲ್ಲೇ ಬಿಟ್ಟು ಹೋದರು. ಶನಿವಾರ ಸಂಜೆಯೊಳಗೆ ಆ ಒಂದೇ ತೂತಿನ ಮೇಲೆ ಇನ್ನೂ ಮೂರು ಪ್ಯಾಚ್ ಹಚ್ಚಿದೆ.

೨. ಗುಳ್ಳೆ

ಭಾನುವಾರ ಲೈಫ್ ಜಾಕೆಟ್ ಹಾಕಿಕೊಂಡು, ಅದರ ಮೇಲೆ ಒಂದು ಲಾರಿ ಟ್ಯೂಬನ್ನೂ ಸೊಂಟಕ್ಕೆ ಏರಿಸಿಕೊಂಡು ಹೋದೆ. ಟ್ಯೂಬಿನ ಸಮೇತ ನಾನು ಸೀಟಿನಲ್ಲಿ ಹಿಡಿಸಲಿಲ್ಲ. ಮೇಷ್ಟ್ರು ಅರ್ಧ ಗಾಳಿ ಬಿಡಿಸಿ ಕೂರಿಸಿದರು.

ಕೆರೆಯ ಮಧ್ಯೆ ಹೋದಮೇಲೆ ಒಂದು ಸಂಗತಿ ಗೊತ್ತಾಯಿತು. ಮೀನು ಹಿಡಿಯುವವನಿಗೂ ಪಂಕ್ಚರ್ ಹಾಕುವವನಿಗೂ ನೀರಿನಲ್ಲಿ ನೋಡಬೇಕಾದ್ದು ಒಂದೇ, ಗುಳ್ಳೆ. ಗುಳ್ಳೆ ಎದ್ದ ಕಡೆ ಮೀನಿದೆ ಅಂತ ಅವರಿಗೆ ಸಂತೋಷ. ಗುಳ್ಳೆ ಎದ್ದ ಕಡೆ ತೂತಿದೆ ಅಂತ ನನ್ನ ಇಪ್ಪತ್ತೆರಡು ವರ್ಷದ ಅನುಭವ.

"ಓಹೋ, ಗುಳ್ಳೆ! ನಿಮ್ಮ ಬಲಕ್ಕೆ ನೋಡ್ರಿ!" ಅಂತ ಮೇಷ್ಟ್ರು ಕುಣಿದರು.

"ಅಯ್ಯೋ, ಎಷ್ಟು ದಪ್ಪ ಬರ್ತಾವ್ರೀ?" ಅಂದೆ.

"ದಪ್ಪನೇ ಅದಾವೆ! ದೊಡ್ಡದೇ ಇರಬೇಕು!"

ದೊಡ್ಡದು ಅಂದ ತಕ್ಷಣ ಬಲಗೈಯಿಂದ ದೋಣಿಯ ಪಕ್ಕವನ್ನು ತಡವಿದೆ, ಎಡಗೈಯಿಂದ ಮೇಷ್ಟ್ರ ಅಂಗಿ ಹಿಡಿದೆ. ಅಷ್ಟರಲ್ಲಿ ಹಿಂದೆ ನಾಲ್ಕು ಗುಳ್ಳೆ, ಮುಂದೆ ಒಂದು ಸಾಲು. ನಾನು ಬೆವರಿದ ಕಡೆಯೆಲ್ಲ ಮೇಷ್ಟ್ರು ಗಾಳ ಹಾಕಿದರು, ಹಾಕಿದ ಕಡೆಯೆಲ್ಲ ಮೀನು ಬಿತ್ತು. ಅವತ್ತಿನಿಂದ ಅವರು ನೀರು ನೋಡಿ ಗಾಳ ಹಾಕುವುದನ್ನು ಬಿಟ್ಟಿದ್ದಾರೆ, ನನ್ನ ಮುಖ ನೋಡಿ ಹಾಕುತ್ತಾರೆ.

೩. ಹೊಡಿ

ಸಣ್ಣ ಮೀನು ನಾನು ಹೇಗೋ ಸಹಿಸಿಕೊಂಡೆ. ನನ್ನ ನಿದ್ದೆ ಕೆಡಿಸಿದ್ದು ರೂಪ್‌ಚಂದ್ ಅನ್ನುವ ಮೀನು. ಊಟದ ತಟ್ಟೆಯಂತೆ ಚಪ್ಪಟೆ, ಅಗಲ. ಉದ್ದ ಮೀನಾದರೆ ಕಂಕುಳಲ್ಲಾದರೂ ಅವುಚಿಕೊಳ್ಳಬಹುದು. ಈ ಅಗಲದ್ದನ್ನು ಎಲ್ಲಿ ಹಿಡಿದರೂ ಅಂಗೈಯಿಂದ ಜಾರುತ್ತದೆ. ಸಾಲದ್ದಕ್ಕೆ ಅದಕ್ಕೆ ಹಲ್ಲಿವೆ, ನಮ್ಮ ನಿಮ್ಮ ಹಲ್ಲಿನಂಥವೇ. ಮೊದಲ ಸಲ ಅದರ ಬಾಯಿ ನೋಡಿದಾಗ ಯಾರೋ ಪರಿಚಯದವರು ನಕ್ಕ ಹಾಗಾಯಿತು. ಗಾಳಿ ತುಂಬಿದ ರಬ್ಬರಿನ ಒಳಗೆ ಹಲ್ಲಿರುವ ಪ್ರಾಣಿಯನ್ನು ಯಾಕೆ ಎಳೆದುಕೊಳ್ಳಬೇಕು ಅಂತ ಕೇಳಿದರೆ ಮೇಷ್ಟ್ರು, "ಅದೇ ಮಜಾ ಅಲ್ಲೇನ್ರಿ" ಅಂದರು.

ಒಂದು ಭಾನುವಾರ ಅಂಥ ಐದಾರು ಕಿಲೋದ್ದು ಗಾಳಕ್ಕೆ ಬಿತ್ತು. ಎಳೆದಾಡಿ ಎಳೆದಾಡಿ ದೋಣಿಯ ಪಕ್ಕಕ್ಕೆ ತಂದರು. ನೀರಿನ ಮೇಲೆ ಮಲಗಿ ಅದು ನನ್ನನ್ನೇ ನೋಡುತ್ತಿತ್ತು. ಹುಟ್ಟು ನನ್ನ ಕೈಯಲ್ಲಿತ್ತು.

"ಹೊಡೀರಿ!" ಅಂತ ಮೇಷ್ಟ್ರು ಕೂಗಿದರು.

ನಮ್ಮ ಕಡೆ ಎತ್ತಿನ ಗಾಡಿಯಿಂದ ಹಿಡಿದು ಬಸ್ಸಿನವರೆಗೆ ಎಲ್ಲವನ್ನೂ ಹೊಡೆಯುವುದೇ. ದೋಣಿಯನ್ನು ದಡಕ್ಕೆ ಹೊಡೀರಿ ಅಂತ ಅವರು ಹೇಳಿದ್ದು. ನನ್ನ ಕಣ್ಣ ಮುಂದೆ ಇದ್ದದ್ದು ಆ ಹಲ್ಲು. ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಮೀನಿನ ತಲೆಗೆ ಒಂದು ಕೊಟ್ಟೆ. ಮೀನಿಗೆ ತಾಗಲಿಲ್ಲ, ದಾರಕ್ಕೆ ತಾಗಿತು. ದಾರ ಪಟ್ ಅಂತ ಹರಿಯಿತು, ರೂಪ್‌ಚಂದ್ ಒಂದು ಸಲ ಬಾಲ ಬಡಿದು ಕೆಳಗೆ ಹೋಯಿತು.

ಮೇಷ್ಟ್ರು ತುಂಡಾದ ದಾರವನ್ನು ಸುತ್ತಿಕೊಂಡರು. ಬೈದುಬಿಟ್ಟಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ದಡ ಹತ್ತಿರ ಬಂದಮೇಲೆ ನಿಟ್ಟುಸಿರು ಬಿಟ್ಟು ಅಂದರು, "ನಂದೇ ತಪ್ಪು. ಕರ್ಮಪದ ಬಿಟ್ಟು ಬರೀ ಕ್ರಿಯಾಪದ ಹೇಳ್ದೆ."

೪. ಗೂಟ

ನನ್ನ ಮಗಳನ್ನು ಹೋದ ವರ್ಷ ಜಗಳೂರು ಕಡೆಗೆ ಕೊಟ್ಟೆವು. ಬೀಗರು ಕುರಿ ಸಾಕುವವರು, ಮಾತು ಕಡಿಮೆ, ಒಳ್ಳೆಯ ಮನುಷ್ಯ. ನಮ್ಮ ಮನೆಗೆ ಬಂದವರು ದೋಣಿಯ ಸುದ್ದಿ ಕೇಳಿ, "ಬೀಗ್ರೇ, ನಾನೂ ಒಂದ್ಸಲ ಕುಂತ್ಕಂತೀನಿ" ಅಂದರು. ಬೀಗರಿಗೆ ಇಲ್ಲ ಅನ್ನಲು ಬರುತ್ತದೆಯೇ? ನನ್ನ ಹೆಂಡತಿ ಮಾತ್ರ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು, "ನೋಡ್ರಿ, ಬೀಗರಿಗೆ ಏನಾದ್ರೂ ಆದ್ರೆ ಮಗಳಿಗೆ ಮುಖ ತೋರ್ಸಾಕಾಗಲ್ಲ. ಹಂಗೇನಾದ್ರೂ ಆದ್ರೆ ನೀವೂ ದಡಕ್ಕೆ ಬರಬ್ಯಾಡ್ರಿ."

ಆ ಮಾತು ಎದೆಯಲ್ಲಿಟ್ಟುಕೊಂಡೇ ದೋಣಿ ಹತ್ತಿದೆ. ಮೇಷ್ಟ್ರು ತಮ್ಮ ಸೀಟನ್ನೂ ಜಾಕೆಟ್ಟನ್ನೂ ಬೀಗರಿಗೆ ಬಿಟ್ಟುಕೊಟ್ಟು ದಡದಲ್ಲಿ ನಿಂತರು. ನನ್ನ ಲಾರಿ ಟ್ಯೂಬನ್ನೂ ಬೀಗರಿಗೇ ಹಾಕಿದೆ. ಬೀಗರು ಗಾಳದ ಕೋಲು ಹಿಡಿದು ದೇವರ ಮುಂದೆ ಕೂತವರಂತೆ ಕೂತರು.

ಅರ್ಧ ಗಂಟೆಯಲ್ಲಿ ಬಿತ್ತು, ರೂಪ್‌ಚಂದೇ. ನಾವು ಕಳೆದುಕೊಂಡದ್ದಕ್ಕಿಂತ ಅಗಲದ್ದು. ಬೀಗರು ಆಟ ಆಡಿಸುವ ಗೋಜಿಗೆ ಹೋಗದೆ ಬಾವಿಯಿಂದ ಕೊಡ ಸೇದಿದ ಹಾಗೆ ಎಳೆದು ನೇರ ನನ್ನ ಮಡಿಲಿಗೆ ಹಾಕಿದರು.

ಒದ್ದೆ ಗೋಣಿಚೀಲ ಮುಚ್ಚಿ, ಎರಡೂ ಮೊಣಕಾಲಿನಿಂದ ಒತ್ತಿ ಹಿಡಿದೆ. ಮೇಷ್ಟ್ರು ಕಲಿಸಿದಂತೆ ಕಿವಿರಿನಿಂದ ಹಗ್ಗ ತೂರಿಸಿ ಬಾಯಿಂದ ತೆಗೆದು ಗಂಟು ಹಾಕಿದೆ. ಇನ್ನು ಹಗ್ಗದ ಆ ತುದಿಯನ್ನು ದೋಣಿಗೆ ಕಟ್ಟಬೇಕು. ಅದಕ್ಕೆಂದೇ ದೋಣಿಯ ಹಿಂಭಾಗದಲ್ಲಿ ಒಂದು ಬಳೆ ಇತ್ತು. ಮಡಿಲಲ್ಲಿ ಹಲ್ಲು ಕಟಕಟ ಅನ್ನುತ್ತಿರುವಾಗ ಬಳೆ ತೋರಿಸುವಷ್ಟು ವ್ಯವಧಾನ ನನಗೆಲ್ಲಿ?

"ಬೀಗ್ರೇ, ಇದನ್ನ ಭದ್ರವಾಗಿ ಕಟ್ರಿ!"

"ಕಟ್ಟಿದೆ ಬಿಡ್ರಿ. ಟಗರು ಎಳೆದ್ರೂ ಬಿಚ್ಚಂಗಿಲ್ಲ."

"ಎಲ್ಲಿಗೆ ಕಟ್ಟಿದ್ರಿ?"

"ಗೂಟಕ್ಕೆ."

ಕಯಾಕಿಗೆ ಗೂಟ ಇರುವುದಿಲ್ಲ. ನಾನು ನಿಧಾನಕ್ಕೆ ತಿರುಗಿ ನೋಡಿದೆ. ಇಡೀ ದೋಣಿಯಲ್ಲಿ ಗೂಟದ ಹಾಗೆ ಮೇಲೆದ್ದು ನಿಂತದ್ದು ಒಂದೇ ಒಂದು, ಗಾಳಿ ತುಂಬುವ ಮೂತಿ. ಅದರ ಕುತ್ತಿಗೆಗೆ ಬೀಗರು ಕುರಿ ಕಟ್ಟುವ ಗಂಟು ಬಿಗಿದಿದ್ದರು.

ನನ್ನ ಮೊಣಕಾಲು ಸಡಿಲವಾಯಿತು. ಮೀನು ಚಂಗನೆ ಹಾರಿ ನೀರಿಗೆ ಬಿತ್ತು, ಹಗ್ಗ ಬಿಗಿಯಿತು, ಮೂತಿಯ ಬಿರಡೆ ಠಪ್ ಅಂತ ಹಾರಿಹೋಯಿತು. ಆಮೇಲೆ ಬಂದದ್ದು ನಾನು ಜೀವಮಾನವಿಡೀ ಕೇಳಿದ ಸದ್ದು, ಸುಸ್ಸ್. ಆ ಸದ್ದಿನಿಂದಲೇ ನನ್ನ ಮನೆಯ ಒಲೆ ಉರಿಯುವುದು. ಅವತ್ತು ಮಾತ್ರ ಅದನ್ನು ಕೇಳಿ ಅಳು ಬಂತು.

ಹೆಬ್ಬೆರಳನ್ನು ಮೂತಿಗೆ ತುರುಕಿದೆ. ಹಗ್ಗ ಅಡ್ಡ ಇದ್ದದ್ದರಿಂದ ಪೂರ್ತಿ ಮುಚ್ಚಲಿಲ್ಲ. "ಹುಟ್ಟು ಹಾಕ್ರಿ ಬೀಗ್ರೇ, ದಡದ ಕಡೆ, ಜಲ್ದಿ! ಗಾಳಿ ಹೋಗ್ತಾ ಐತೆ!"

ಬೀಗರು ಒಂದಿಷ್ಟೂ ಗಾಬರಿಯಾಗಲಿಲ್ಲ. "ಹೋದ್ರೆ ಹೋಗ್ಲಿ ಬಿಡ್ರಿ. ಹೆಂಗೂ ನಿಮ್ದೇ ಅಂಗಡಿ ಐತಲ್ಲ, ಊರಿಗೆ ಹೋಗಿ ಹಾಕ್ಸಾನ."

ಅವರು ಸಾವಕಾಶ ಹುಟ್ಟು ಹಾಕಿದರು. ದೋಣಿಯ ಒಂದು ಪಕ್ಕ ಇಳಿಯುತ್ತ ಬಂತು. ನೀರು ಮೊದಲು ನಮ್ಮ ಸೀಟಿಗೆ ಬಂತು, ಆಮೇಲೆ ಮಡಿಲಿಗೆ, ಆಮೇಲೆ ಸೊಂಟಕ್ಕೆ. ಅಷ್ಟು ಹೊತ್ತಿಗೆ ನಾನು ಸೂರಗೊಂಡನಕೊಪ್ಪದ ದೇವಸ್ಥಾನಕ್ಕೆ ಬರಿಗಾಲಲ್ಲಿ ನಡೆದು ಬರುತ್ತೇನೆ ಅಂತ ಹರಕೆ ಹೊತ್ತಾಗಿತ್ತು. ನೀರು ಎದೆಗೆ ಬಂದಾಗ ಹೋಗುವಾಗಲೂ ಬರುವಾಗಲೂ ನಡೆಯುತ್ತೇನೆ ಅಂದೆ. ಮಗಳ ಮುಖ ಕಣ್ಣ ಮುಂದೆ ಬಂತು. ನನ್ನ ಜೀವದ ಆಸೆ ಬಿಟ್ಟಿದ್ದೆ, ಬೀಗರ ಟ್ಯೂಬಿನ ಗಾಳಿ ಗಟ್ಟಿ ಇರಲಿ ಅಂತಷ್ಟೇ ಬೇಡಿಕೊಳ್ಳುತ್ತಿದ್ದೆ.

ಮೇಷ್ಟ್ರು ಪ್ಯಾಂಟು ಸಮೇತ ನೀರಿಗಿಳಿದು ದೋಣಿಯ ಮುಂದಿನ ತುದಿ ಹಿಡಿದು ಎಳೆದುಕೊಂಡರು. ಹಿಂದಿನಿಂದ ಹಗ್ಗದ ತುದಿಯಲ್ಲಿ ರೂಪ್‌ಚಂದೂ ಬಂತು, ಬೀಗರ ಗಂಟು ಬಿಚ್ಚಿರಲಿಲ್ಲ. ನನ್ನ ಹೆಬ್ಬೆರಳು ಮರಗಟ್ಟಿ ದಡದಲ್ಲೂ ಮೂತಿಯಿಂದ ಹೊರಬರಲು ಒಪ್ಪಲಿಲ್ಲ. ಹಾಗೇ ಬಗ್ಗಿ ಕೂತು ಬೀಗರನ್ನೇ ನೋಡಿದೆ. ಪಂಚೆ, ಅಂಗಿ, ಟವೆಲ್ಲು ಎಲ್ಲ ತೊಪ್ಪೆಯಾಗಿ, ಮೀಸೆಯಿಂದ ನೀರು ಇಳಿಯುತ್ತಿತ್ತು. ಇನ್ನೇನು ಬೈಯುತ್ತಾರೆ, ಮಗಳನ್ನು ಇನ್ನು ತವರಿಗೆ ಕಳಿಸುವುದಿಲ್ಲ ಅಂತಾರೆ ಅಂದುಕೊಂಡು, "ತಪ್ಪಾತು ಬೀಗ್ರೇ, ಕ್ಷಮಿಸ್ರಿ" ಅಂದೆ.

ಬೀಗರು ಪಂಚೆ ಹಿಂಡಿಕೊಳ್ಳುತ್ತ ದೋಣಿಯ ಒಳಗೆ ನಿಂತ ನೀರನ್ನು ಕಣ್ತುಂಬ ನೋಡಿದರು.

"ಬೀಗ್ರೇ, ಇಂಥದೊಂದು ನಮ್ಮ ಜಗಳೂರಿಗೂ ತರ್ಸಿ ಕೊಡ್ರಿ. ನಮ್ಮ ಕಡೆ ಕೆರ್ಯಾಗೆ ನೀರಿಲ್ಲ. ಇಲ್ದಿದ್ರೇನಾತು, ಇದ್ರಾಗೆ ತಾನೇ ತುಂಬ್ಕಂತೈತಲ್ಲ!"