ಹೂಂ ಭಾವ, ಹೂಂ

ಹೆಂಡತಿ: ಇದರ ಮೇಲೆ "ಇದೂ ಹಂಗೇ" ಅಂತಿದೆ.

ಗಂಡ: ಹಂಗೇ ಅಂದ್ರೆ ಹೆಂಗೆ?

ಹೆಂಡತಿ: ಅದನ್ನ ನೀವು ಹೇಳಲಿಲ್ಲ. ಹೇಳಿದ್ರೆ ಬರ್ಕೊಂಡಿರ್ತಿದ್ದೆ.

ಗಂಡ: ಇನ್ನೊಂದು ತುದಿ ನೋಡು. ಅಲ್ಲಿ ಏನಾದ್ರೂ ಇರುತ್ತೆ.

ಹೆಂಡತಿ: ಇದೆ. "ಬರ್ಕೊಂಡ್ಯಾ?"

ಗಂಡನ ತಲೆ, ಹೆಗಲು, ಎರಡು ಕೈ ಟಿವಿ ಸ್ಟ್ಯಾಂಡಿನ ಹಿಂದಿದ್ದವು; ಉಳಿದ ಮೈ ನೆಲದ ಮೇಲೆ ಕೋಣೆಯ ನಡುವಿನವರೆಗೆ ಚಾಚಿಕೊಂಡಿತ್ತು. ಹೆಂಡತಿ ಸೋಫಾದ ಅಂಚಿಗೆ ಕುಳಿತು, ಮಡಿಲ ತುಂಬ ಕಪ್ಪು ವೈರುಗಳನ್ನು ಇಟ್ಟುಕೊಂಡು, ಒಂದೊಂದರ ತುದಿಗೂ ಸುತ್ತಿದ್ದ ಬಿಳಿ ಪಟ್ಟಿಯನ್ನು ಓದುತ್ತಿದ್ದಳು. ಗಾಯಕ್ಕೆ ಅಂಟಿಸುವ ಪಟ್ಟಿ. ಅಕ್ಷರಗಳು ದುಂಡಗಿದ್ದವು, ಒಂದು ಕಾಗುಣಿತವೂ ತಪ್ಪಿರಲಿಲ್ಲ.

ಮನೆ ಬದಲಾಯಿಸುವ ಮುನ್ನ ಹೋಮ್ ಥಿಯೇಟರ್ ಬಿಚ್ಚಿದವನು ಅವನು. ಒಂದೊಂದು ವೈರನ್ನೂ ಕಿತ್ತು, ಅದು ಎಲ್ಲಿಂದ ಎಲ್ಲಿಗೆ ಎಂದು ಕೂಗಿ ಹೇಳಿದ್ದ. ಬರೆದು ಅಂಟಿಸಿದವಳು ಅವಳು. ಅವಳು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಸಾಕ್ಷಿ ಕೆಮ್ಮಿದರೆ ಕೆಮ್ಮಿದ ಎಂದೇ ಬರೆಯುವವಳು. ಅವನು ಸರ್ವೆಯರ್. ಹೊರಗೆ ಜಮೀನಿನ ಮೂಲೆಗಳನ್ನು ಒಂದು ಗೇಣೂ ತಪ್ಪದೆ ಗುರುತಿಸುತ್ತಿದ್ದ. ಮನೆಯೊಳಗೆ ಮಾತ್ರ, ಜಗತ್ತಿನ ಎಲ್ಲ ಜಾಗಗಳಿಗೂ ಅವನ ಬಳಿ ಇದ್ದದ್ದು ಎರಡೇ ಹೆಸರು: ಇಲ್ಲಿ ಮತ್ತು ಅಲ್ಲಿ.

ಗಂಡ: ವೈರಿನ ಮೇಲೆ ಯಾರಾದ್ರೂ "ಬರ್ಕೊಂಡ್ಯಾ" ಅಂತ ಬರೀತಾರೇನೇ?

ಹೆಂಡತಿ: ನೀವು ಕೇಳಿದ್ರಿ. ನಾನು ಬರ್ಕೊಂಡೆ.

ಗಂಡ: ನಾನು ಕೇಳಿದ್ದು ನಿನ್ನನ್ನ. ವೈರನ್ನಲ್ಲ.

ಹೆಂಡತಿ: ಯಾವುದು ವೈರಿಗೆ, ಯಾವುದು ನನಗೆ ಅಂತ ಮೊದ್ಲೇ ಹೇಳ್ಬೇಕಿತ್ತು. ಹೇಳಿದ್ದನ್ನ ಬರೆಯೋದು ನನ್ನ ಕೆಲಸ. ಹೇಳ್ಬೇಕು ಅಂದ್ಕೊಂಡಿದ್ದನ್ನ ಬರೆದ್ರೆ ಮನೆಗೆ ಕಳಿಸ್ತಾರೆ.

ಗಂಡ: ಬಣ್ಣದ ವೈರು ಇದ್ದಿದ್ರೆ ಈ ಗೋಳೇ ಇರ್ತಿರಲಿಲ್ಲ. ಹಳದಿಗೆ ಹಳದಿ, ಕೆಂಪಿಗೆ ಕೆಂಪು. ಗೋಡೆಗೆ ಒಪ್ಪಲ್ಲ, ಎಲ್ಲಾ ಕಪ್ಪೇ ಇರ್ಲಿ ಅಂದಿದ್ದು ಯಾರು?

ಹೆಂಡತಿ: ನಾನೇ. ಗೋಡೆ ಈಗಲೂ ಚೆನ್ನಾಗಿದೆ.

ಥಿಯೇಟರಿನ ಜೊತೆ ಬಂದಿದ್ದ ಕೈಪಿಡಿ ಎಲ್ಲಿ ಎಂದು ಅವನು ಕೇಳಿದ. ಗೋಡೆಗೊತ್ತಿ ಇಟ್ಟಿದ್ದ ರಟ್ಟಿನ ಪೆಟ್ಟಿಗೆಗಳಲ್ಲೊಂದರಲ್ಲಿ ಅದು ಖಂಡಿತ ಇತ್ತು. ಯಾವುದರಲ್ಲಿ ಎಂಬುದಷ್ಟೇ ಪ್ರಶ್ನೆ. ಪೆಟ್ಟಿಗೆಗಳ ಮೇಲೂ ಅದೇ ದುಂಡು ಅಕ್ಷರ; ಒಂದರ ಮೇಲೆ "ಆಮೇಲೆ ನೋಡೋಣ" ಎಂದಿತ್ತು. ಇನ್ನೊಂದರ ಮೇಲೆ "ಇದನ್ನೂ ಆಮೇಲೆ ನೋಡೋಣ". ಎಲ್ಲಕ್ಕಿಂತ ದೊಡ್ಡದರ ಮೇಲೆ "ತಳ ಹಿಡ್ಕೋ, ತಳ".

ಗಂಡ: ಮೆಕ್ಯಾನಿಕ್‌ಗೆ ಫೋನ್ ಮಾಡಿದ್ಯಾ?

ಹೆಂಡತಿ: ಮಾಡಿದೆ. ನಾಳೆ ಬರ್ತಾನಂತೆ. ನಿಮ್ಮ ಭಾವ ಬರೋದು ಇವತ್ತು.

ಇಬ್ಬರೂ ಬಾಗಿಲ ಕಡೆ ನೋಡಿದರು. ಗಂಡನಿಗೆ ಬಾಗಿಲು ಕಾಣುತ್ತಿರಲಿಲ್ಲ, ಆದರೂ ನೋಡಿದ.

ಭಾವ ಎಂದರೆ ಅವನ ಅಕ್ಕನ ಗಂಡ, ನಿವೃತ್ತ ಲಿಫ್ಟ್ ಇನ್ಸ್‌ಪೆಕ್ಟರ್. ಹಿಂದೊಮ್ಮೆ ಇವರ ಹಳೆಯ ಮನೆಗೆ ಊಟಕ್ಕೆ ಬಂದವರು, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕಂಡು ಅದಕ್ಕೆ ಹೊಸ ವಾಷರ್ ಹಾಕಿಕೊಟ್ಟಿದ್ದರು. ಅಂದಿನಿಂದ ಅದು "ನನ್ನ ನಲ್ಲಿ" ಆಯಿತು. ಪ್ರತಿ ಭಾನುವಾರ ಅದನ್ನು ನೋಡಲು ಬಂದರು. ತಿರುಗಿಸಿ, ನಿಲ್ಲಿಸಿ, ಕಿವಿಗೊಟ್ಟು ಕೇಳಿ, ಸರಿಯಾಗಿದೆ ಎಂದು ಹೇಳಿ, ಕತ್ತಲಾಗುವವರೆಗೆ ಕುಳಿತು ಹೋದರು. ಅಕ್ಕ ಜೊತೆಗೆ ಬರುತ್ತಿರಲಿಲ್ಲ. ಭಾನುವಾರ ಅವಳಿಗೆ ವಿಶ್ರಾಂತಿ ಬೇಕಿತ್ತು, ಅದು ಹೇಗೆ ಸಿಗುತ್ತದೆ ಎಂಬುದೂ ಗೊತ್ತಿತ್ತು.

ಮನೆ ಬದಲಾಯಿಸಿದಾಗ ನಲ್ಲಿ ಅಲ್ಲೇ ಉಳಿಯಿತು. ಕಳೆದ ಭಾನುವಾರ ಯಾರೂ ಬರಲಿಲ್ಲ. ಗಂಡ ಹೆಂಡತಿ ಊಟ ಮುಗಿಸಿ ಮಲಗಿ, ಎದ್ದು, ಮತ್ತೆ ಮಲಗಿದರು. ಇದನ್ನು ಇಬ್ಬರೂ ಯಾರಿಗೂ ಹೇಳಲಿಲ್ಲ.

ಈ ಭಾನುವಾರ ಫೈನಲ್ ಪಂದ್ಯ. ಬೆಳಿಗ್ಗೆ ಭಾವ ಫೋನ್ ಮಾಡಿ ಥಿಯೇಟರ್ ಜೋಡಿಸಿದ್ದಾಯಿತೇ, ಸಲಕರಣೆಯ ಬ್ಯಾಗ್ ತಂದು ತಾವೇ ಜೋಡಿಸಲೇ ಎಂದು ಕೇಳಿದ್ದರು. ಎಲ್ಲ ಆಗಿದೆ, ಸುಮ್ಮನೆ ಕುಳಿತು ನೋಡುವುದಕ್ಕೆ ಬನ್ನಿ ಎಂದು ಗಂಡ ಹೇಳಿಬಿಟ್ಟಿದ್ದ.

ಹೆಂಡತಿ: ಒಂದು ವಾಷರಿಗೆ ಅಷ್ಟು ಭಾನುವಾರ ಹೋಯ್ತು. ಈ ಡಬ್ಬದ ಹಿಂದೆ ಎಷ್ಟು ತೂತಿದೆ ನೋಡಿ.

ಗಂಡ ಕತ್ತೆತ್ತಿ ನೋಡಿದ. ಟಿವಿಯ ಮೇಲಿನ ಶೆಲ್ಫಿನಲ್ಲಿ ಕುಳಿತಿದ್ದ ಆಂಪ್ಲಿಫೈಯರನ್ನು ಅವರು ಡಬ್ಬ ಎನ್ನುತ್ತಿದ್ದರು. ಅದರ ಬೆನ್ನು ಜೇನುಗೂಡಿನಂತಿತ್ತು.

ಗಂಡ: ಒಂದೊಂದಾಗಿ ತೂರಿಸಿ ನೋಡ್ಲಾ?

ಹೆಂಡತಿ: ಹೋದ ಸಲ ಹಂಗೇ ನೋಡಿದ್ರಿ. ಸ್ಪೀಕರ್ ಹಾಡಲಿಲ್ಲ, ಸುಟ್ಟ ವಾಸನೆ ಬಂತು. ಬೇಡ. ಕೇಳಿದ್ದಕ್ಕೆ ಉತ್ತರ ಕೊಡಿ. "ಇದು ಇಲ್ಲಿಂದ ಅಲ್ಲಿಗೆ" ಅಂದಾಗ ನೀವು ಎಲ್ಲಿದ್ರಿ?

ಗಂಡ: ಮನೇಲೇ ಇದ್ದೆ.

ಹೆಂಡತಿ: ಮನೇಲಿ ಎಲ್ಲಿ?

ಗಂಡ: ನೆನಪಿಲ್ಲ.

ಹೆಂಡತಿ: ನಮ್ಮ ಕೋರ್ಟಲ್ಲಿ ಎಲ್ಲರೂ ಮೊದ್ಲು ಹಂಗೇ ಅಂತಾರೆ. ನನಗೆ ನಿಮ್ಮ ಕಾಲು ಕಾಣ್ತಿತ್ತು. ಎಡಗಾಲಿನ ಸಾಕ್ಸ್ ಹರಿದಿತ್ತು. ತಲೆ ಕಾಣ್ತಿರಲಿಲ್ಲ. ಹಂಗಿದ್ರೆ ತಲೆ ಎಲ್ಲಿತ್ತು?

ಗಂಡ: ಈಗ ಇದ್ದಂಗೆ. ಟಿವಿ ಹಿಂದೆ.

ಹೆಂಡತಿ: ಹಂಗಿದ್ರೆ "ಇಲ್ಲಿ" ಅಂದ್ರೆ ಟಿವಿ. "ಅಲ್ಲಿ" ಅಂದ್ರೆ ಬೇರೆ ಸಾಮಾನು. ಶುರು ಮಾಡಿ.

ಅದಾದ ಮೇಲೆ ಕೆಲಸ ಸಾಗಿತು. ಅವಳು ಓದಿದಳು, ಅವನು ಸಿಕ್ಕಿಸಿದ. "ಇದು ಇಲ್ಲಿಂದ ಅಲ್ಲಿಗೆ" ಎಂಬುದು ಟಿವಿಯಿಂದ ಸೆಟ್‌ಟಾಪ್ ಬಾಕ್ಸಿಗೆ ಹೋಯಿತು. "ಇದೂ ಹಂಗೇ" ಎಂಬುದೂ ಹಾಗೆಯೇ ಹೋಯಿತು. ಸ್ಪೀಕರುಗಳ ತೆಳು ವೈರುಗಳು ಡಬ್ಬದ ಬೆನ್ನಿಗೆ ಸೇರಿದವು. ಅವನು ಸ್ವಿಚ್ ಹಾಕಲು ಹೇಳಿದ, ಅವಳು ಹಾಕಿದಳು. ಟಿವಿಯ ಮೇಲೆ ಹಸಿರು ಮೈದಾನವೊಂದು ಬಂದು ನಿಂತಿತು. ಕೋಟು ತೊಟ್ಟ ಇಬ್ಬರು ಬಾಯಿ ಆಡಿಸುತ್ತಿದ್ದರು. ಸದ್ದು ಬರಲಿಲ್ಲ.

ಗಂಡ ಮೊಬೈಲಿನ ಬೆಳಕಿನಲ್ಲಿ ತೂತುಗಳ ಕೆಳಗಿನ ಸಣ್ಣ ಅಕ್ಷರ ಓದತೊಡಗಿದ.

ಗಂಡ: ಔಟಾ?

ಹೆಂಡತಿ: ಇನ್ನೂ ಟಾಸೇ ಆಗಿಲ್ಲ.

ಗಂಡ: ಪಂದ್ಯ ಅಲ್ಲ. ಉಳಿದಿರೋ ವೈರು. ಅದರ ಮೇಲೆ ಔಟ್ ಅಂತಿದ್ಯಾ?

ಹೆಂಡತಿ: ಇದೆ. "ಇಲ್ಲಿ ಇನ್, ಅಲ್ಲಿ ಔಟ್."

ಗಂಡ: ನೋಡಿದ್ಯಾ? ಸರಿಯಾಗೇ ಹೇಳಿದೀನಿ. ಇಲ್ಲಿ ಅಂದ್ರೆ ಟಿವಿ. ಟಿವೀಲಿ ಇನ್, ಡಬ್ಬದಲ್ಲಿ ಔಟ್.

ಅವನು ಹಾಗೆಯೇ ಸಿಕ್ಕಿಸಿದ. ಕೋಟು ತೊಟ್ಟವರು ಮೌನವಾಗಿಯೇ ನಕ್ಕರು. ಅವಳು ರಿಮೋಟಿನಲ್ಲಿ ಸದ್ದು ಹೆಚ್ಚಿಸಿದಳು. ಮೌನವೇ ಮುಂದುವರಿಯಿತು. ವೈರನ್ನು ಅವಳು ಮತ್ತೆ ಕೀಳಿಸಿ ಕೈಗೆ ತೆಗೆದುಕೊಂಡು, ಎರಡು ತುದಿಯನ್ನೂ ಬೆಳಕಿಗೆ ಹಿಡಿದಳು.

ಗಂಡ: ಆ ತುದೀಲಿ ಏನಿದೆ?

ಹೆಂಡತಿ: "ಹೂಂ ಭಾವ, ಹೂಂ."

ಗಂಡ: ಏನು?

ಹೆಂಡತಿ: ನೀವು ಹೇಳಿದ್ದು. ಈ ವೈರು ನಿಮ್ಮ ಕೈಲಿದ್ದಾಗ ನಿಮ್ಮ ಭಾವನ ಫೋನ್ ಬಂತು. ನೀವು ಬೇರೇನೂ ಹೇಳಲಿಲ್ಲ. ತುಂಬಾ ಹೊತ್ತು ಬರೀ ಹೂಂ ಅಂದ್ರಿ. ಪಟ್ಟಿ ಚಿಕ್ಕದು, ಎರಡೇ ಹೂಂ ಬರೆದೆ.

ಗಂಡ ಏನೋ ಹೇಳಲು ಹೊರಟು, ಅದೂ ಎಲ್ಲಾದರೂ ದಾಖಲಾದೀತು ಎಂದು ಸುಮ್ಮನಾದ. ಇನ್ ಔಟ್ ಎಂದದ್ದು ಫೋನಿಗಿಂತ ಮೊದಲೋ ಆಮೇಲೋ ಎಂದು ಅವಳು ಕೇಳಿದಳು, ತಾನೇ ನೆನಪಿಸಿಕೊಂಡು ಆಮೇಲೆ ಎಂದಳು.

ಹೆಂಡತಿ: ಸಿಕ್ತು. ಅಷ್ಟೊತ್ತಿಗೆ ನೀವು ಎದ್ದು ನಿಂತಿದ್ರಿ.

ಗಂಡ: ನಾನ್ಯಾಕೆ ಎದ್ದು ನಿಲ್ಲಲಿ?

ಹೆಂಡತಿ: ಭಾವನ ಫೋನ್ ಬಂದ್ರೆ ನೀವು ಎದ್ದು ನಿಲ್ತೀರಿ.

ಗಂಡ: ಯಾವತ್ತು ನಿಂತಿದೀನಿ? ಮದುವೆಯಾದ ಹೊಸದ್ರಲ್ಲಿ ಅಕ್ಕ ಏನಂದ್ಕೊಳ್ತಾಳೋ ಅಂತ ನಿಂತಿರ್ಬೋದು. ಈಗ ನನಗೂ ತಲೆ ಬೆಳ್ಳಗಾಗಿದೆ. ಫೋನಲ್ಲಿ ಮಾತಾಡೋರಿಗೆ ನಾನು ಕೂತಿದೀನೋ ಮಲಗಿದೀನೋ ಹೆಂಗೆ ಗೊತ್ತಾಗುತ್ತೆ?

ಹೆಂಡತಿ ವಾದಕ್ಕೆ ಹೋಗಲಿಲ್ಲ. ಗಂಟಲು ಸರಿ ಮಾಡಿಕೊಂಡು, ಗದ್ದ ಎದೆಗೊತ್ತಿ, ದನಿ ದಪ್ಪಗೆ ಮಾಡಿದಳು.

ಹೆಂಡತಿ: ಏನಯ್ಯಾ, ಏನ್ ಮಾಡ್ತಿದೀಯಾ?

ಸ್ಟ್ಯಾಂಡಿನ ಹಿಂದೆ ಸರಬರ ಸದ್ದಾಯಿತು. ಕಾಲುಗಳು ಒಳಗೆ ಹೋದವು, ಟಿವಿಯ ಪಕ್ಕದಿಂದ ತಲೆ ಮೇಲೆದ್ದಿತು, ಆಮೇಲೆ ಹೆಗಲು. ಗಂಡ ನೆಟ್ಟಗೆ ನಿಂತಿದ್ದ. ಅವನ ಮೂಗಿನ ಎದುರಿಗೇ ಡಬ್ಬ ಇತ್ತು. ಟಿವಿ ಕೆಳಗೆ, ಸೊಂಟದ ಹತ್ತಿರ.

ಹೆಂಡತಿ: ಈಗ ಹೇಳಿ. "ಇಲ್ಲಿ" ಅಂದ್ರೆ ಯಾವುದು?

ಗಂಡ ಡಬ್ಬ ನೋಡಿದ. ಟಿವಿ ನೋಡಿದ.

ಗಂಡ: ಇಲ್ಲಿ ಅಂದ್ರೆ ಡಬ್ಬ. ಅಲ್ಲಿ ಅಂದ್ರೆ ಟಿವಿ.

ಹೆಂಡತಿ: ಡಬ್ಬಕ್ಕೆ ಇನ್, ಟಿವಿಯಿಂದ ಔಟ್. ಸದ್ದು ಟಿವಿಯಿಂದ ಹೊರಟು ಡಬ್ಬಕ್ಕೆ ಹೋಗ್ಬೇಕು. ನೀವು ಡಬ್ಬದಿಂದ ಟಿವಿಗೆ ಕಳಿಸ್ತಿದ್ರಿ.

ಗಂಡ: ನಾನು ಎದ್ದಿದ್ದು ಕಾಲು ಜೋಮು ಹಿಡೀತು ಅಂತ.

ಹೆಂಡತಿ: ಇರ್ಲಿ. ಕೂತ್ಕೊಳ್ಳಿ ಇನ್ನು, ಫೋನ್ ಇಟ್ಟಾಯ್ತು.

ವೈರು ತಿರುವು ಮುರುವಾಗಿ ಸೇರಿತು. ಒಮ್ಮೆಲೇ ಇಡೀ ಮೈದಾನ ಕೋಣೆಯೊಳಗೆ ಬಂದು ಕೂಗಿತು. ಕಿಟಕಿಯ ಗಾಜು ನಡುಗಿತು. ಹೆಂಡತಿ ರಿಮೋಟ್ ಹುಡುಕಿ ಸದ್ದು ತಗ್ಗಿಸಿದಳು. ಗಂಡ ಮೊಣಕಾಲಿನ ಧೂಳು ಕೊಡವಿಕೊಂಡು ಅವಳ ಪಕ್ಕ ಕುಳಿತ. ಮುಂದಿನ ಭಾನುವಾರದ ನಿದ್ದೆ ಇಬ್ಬರ ಮುಖದ ಮೇಲೂ ಆಗಲೇ ಕಾಣುತ್ತಿತ್ತು. ಆಗ ಕರೆಗಂಟೆ ಹೊಡೆಯಿತು.

ಭಾವ ಬ್ಯಾಗ್ ಸಮೇತ ಬಂದಿದ್ದರು. ಬಾಗಿಲಲ್ಲೇ ನಿಂತು ಕಿವಿಗೊಟ್ಟರು.

ಭಾವ: ಸದ್ದು ಬರ್ತಿದೆ.

ಗಂಡ: ಬರ್ತಿದೆ ಭಾವ.

ಭಾವ: ಚಿತ್ರಾನೂ ಬರ್ತಿದೆ.

ಗಂಡ: ಅದೂ ಬರ್ತಿದೆ.

ಭಾವ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಜಿಪ್ಪನ್ನು ಅರ್ಧ ಎಳೆದರು, ಮತ್ತೆ ಮುಚ್ಚಿದರು. ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಹೋಗಿ ಬಂದರು. ಅಲ್ಲಿನ ನಲ್ಲಿ ಹೊಚ್ಚಹೊಸದು, ತೊಟ್ಟಿಕ್ಕುತ್ತಿರಲಿಲ್ಲ. ಪಂದ್ಯ ಅರ್ಧವಾಗುವ ಹೊತ್ತಿಗೆ ಅವರು ಪರದೆಯನ್ನು ನೋಡುವುದನ್ನೇ ಬಿಟ್ಟು, ತಮ್ಮ ಕೈಗಳನ್ನು ನೋಡಿಕೊಳ್ಳುತ್ತ ಕುಳಿತಿದ್ದರು. ಹೆಂಡತಿಗೆ ಅಯ್ಯೋ ಅನ್ನಿಸಿತು. ಗಂಡನಿಗೂ ಅನ್ನಿಸಿರಬೇಕು, ತೋರಿಸಿಕೊಳ್ಳಲಿಲ್ಲ.

ಭಾವ: ಹಿಂದೆ ಒಂದ್ಸಲ ಕಣ್ಣು ಹಾಯಿಸಿಬಿಡ್ತೀನಿ. ಮುಟ್ಟಲ್ಲ.

ಬೇಡ ಎನ್ನುವಷ್ಟರಲ್ಲಿ ಅವರು ಟಾರ್ಚ್ ಹಿಡಿದು ಸ್ಟ್ಯಾಂಡಿನ ಹಿಂದೆ ಸೇರಿಯಾಗಿತ್ತು. ಗಂಡ ತಟ್ಟನೆ ಹೆಂಡತಿಯ ಕಡೆ ತಿರುಗಿ, ಆ ಪಟ್ಟಿ ತೆಗೆದೆಯಾ ಎಂದು ಕಣ್ಣಲ್ಲೇ ಕೇಳಿದ.

ಹೆಂಡತಿ: ತೆಗಿ ಅಂತ ನೀವು ಹೇಳಲಿಲ್ಲ.

ಟಾರ್ಚಿನ ಬೆಳಕು ಒಂದು ಕಡೆ ನಿಂತುಬಿಟ್ಟಿತು. ಒಂದು ಓವರ್ ಮುಗಿದರೂ ಅಲುಗಲಿಲ್ಲ. ಕೊನೆಗೆ ಭಾವ ಹಿಂದೆ ಹಿಂದೆ ಸರಿಯುತ್ತ ಹೊರಬಂದರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

ಭಾವ: ಒಂದು ವೈರಿಗೆ ನನ್ನ ಹೆಸರಿಟ್ಟಿದೀರಿ.

ಗಂಡ: ಅದು ಭಾವ, ಅವತ್ತು ಏನಾಯ್ತು ಅಂದ್ರೆ...

ಭಾವ: ಯಾರಮ್ಮಾ ಬರೆದಿದ್ದು?

ಹೆಂಡತಿ: ಇವರು ಹೇಳಿದ್ರು ಅಣ್ಣ. ನಾನು ಬರೆದೆ.

ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಭಾವ: ನಲ್ಲಿಗೆ ಅಷ್ಟು ಮಾಡಿದೆ. ಅದರ ಮೇಲೂ ಯಾರೂ ಹೆಸರು ಬರೆದಿರಲಿಲ್ಲ. ಅದು ಸದ್ದಿನ ವೈರು ತಾನೇ?

ಗಂಡ: ಹೌದು ಭಾವ.

ಆಮೇಲೆ ಅವರು ಪಂದ್ಯವನ್ನು ಹುರುಪಿನಿಂದಲೇ ನೋಡಿದರು. ಜನ ಕೂಗಿದಾಗಲೆಲ್ಲ ಇವರಿಬ್ಬರ ಕಡೆ ತಿರುಗಿ, ಈ ಕೂಗೂ ತಮ್ಮ ವೈರಿನಲ್ಲೇ ಬಂದದ್ದಲ್ಲವೇ ಎಂದು ಕೇಳಿ ಖಚಿತಪಡಿಸಿಕೊಂಡರು. ಹೊರಡುವಾಗ ಬ್ಯಾಗನ್ನು ಬಾಗಿಲ ಹಿಂದೆ, ಚಪ್ಪಲಿ ಗೂಡಿನ ಪಕ್ಕ ಇಟ್ಟರು. ಪ್ರತಿ ಸಲ ಹೊತ್ತು ತರುವುದು ಯಾಕೆ, ಇಲ್ಲೇ ಇರಲಿ ಎಂದರು.

ಭಾವ: ಈಗೇನೋ ಬಿಗಿಯಾಗಿದೆ. ಆದ್ರೂ ಇಂಥದ್ದನ್ನ ವಾರಕ್ಕೊಂದ್ಸಲ ನೋಡ್ತಿರ್ಬೇಕು. ಮುಂದಿನ ಭಾನುವಾರ ಬೇಗ ಬರ್ತೀನಿ, ಏನಯ್ಯಾ?

ಗಂಡ ಅಷ್ಟರಲ್ಲಾಗಲೇ ಎದ್ದು ನಿಂತಿದ್ದ.

ಗಂಡ: ಹೂಂ ಭಾವ, ಹೂಂ.

ಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ದೂರವಾಗುವವರೆಗೆ ಹೆಂಡತಿ ಕಾದಳು. ಆಮೇಲೆ ಟೇಬಲ್ಲಿನ ಮೇಲಿದ್ದ ಪಟ್ಟಿಯ ಸುರುಳಿಯನ್ನೂ ಪೆನ್ನನ್ನೂ ಕೈಗೆತ್ತಿಕೊಂಡಳು.

ಹೆಂಡತಿ: ಈ ಹೂಂ ಯಾವುದಕ್ಕೆ ಅಂಟಿಸ್ಲಿ?